ಪರಂಗಿಗಳ ಊರು ಸಾಂತೋಮ್: ಚೆನ್ನೈಗಿಂತ ಹಳೆಯ ಒಂದು ಪೋರ್ಚುಗೀಸ್ ಪಟ್ಟಣದ ಕಥೆ

ಇವತ್ತಿನ ಮಾತನ್ನ ಒಂದು ಹಣ್ಣಿನಿಂದ ಶುರು ಮಾಡೋಣ. ಹಳೇ ಮೈಸೂರು ಕಡೆ ಪಪ್ಪಾಯಿಗೆ ನಾವು ಪರಂಗಿ ಹಣ್ಣು ಅಂತೀವಿ. ಕೋಟೆ ಒಡೆಯೋ ತೋಪಿಗೆ ಫಿರಂಗಿ ಅಂತೀವಿ. ಎರಡೂ ಒಂದೇ ಪದ. ಯುರೋಪಿನವರನ್ನ ಅರಬ್ಬರು, ಪರ್ಷಿಯನ್ನರು "ಫರಂಗಿ" ಅಂತ ಕರೀತಿದ್ರು. ನಮ್ಮ ಕರಾವಳಿಗೆ ಆ ಹೆಸರು ಹೊತ್ತು ಬಂದ ಮೊದಲಿಗರು ಪೋರ್ಚುಗೀಸರು. ಅವರ ಹಡಗಿನಲ್ಲಿ ಬಂದ ಹಣ್ಣೂ ಪರಂಗಿ, ಅವರ ತೋಪೂ ಫಿರಂಗಿ.

ಈಗ ಚೆನ್ನೈಗೆ ಬನ್ನಿ. ಏರ್‌ಪೋರ್ಟ್ ಹತ್ತಿರ ಸೇಂಟ್ ಥಾಮಸ್ ಮೌಂಟ್ ಅಂತ ಒಂದು ಗುಡ್ಡ ಇದೆಯಲ್ಲ, ತಮಿಳಿನಲ್ಲಿ ಅದರ ಹೆಸರು ಪರಂಗಿಮಲೈ. ಅಂದ್ರೆ ಪರಂಗಿಗಳ ಬೆಟ್ಟ. ಪೋರ್ಚುಗೀಸರು ಅಂದ್ರೆ ಗೋವಾ, ಹೆಚ್ಚಂದ್ರೆ ಮಂಗಳೂರು, ಹೊನ್ನಾವರ ಅಂದುಕೊಂಡಿರೋ ನಮಗೆ ಪ್ರಶ್ನೆ ಬರುತ್ತೆ: ಪೂರ್ವ ಕರಾವಳಿಯ ಈ ಊರಿನಲ್ಲಿ ಅವರಿಗೇನು ಕೆಲಸ?

ಕೆಲಸ ಬಹಳ ಇತ್ತು. ಇವತ್ತು ಮೈಲಾಪುರದ ಪಕ್ಕದಲ್ಲಿ ಸಾಂತೋಮ್ ಅನ್ನೋ ಬಡಾವಣೆ ಇದೆಯಲ್ಲ, ಅದು ಒಂದು ಕಾಲಕ್ಕೆ "ಸಾವೋ ತೋಮೆ ದೆ ಮೆಲಿಯಾಪೋರ್", ಅಂದ್ರೆ ಮೈಲಾಪುರದ ಸಂತ ತೋಮ, ಅನ್ನೋ ಪೋರ್ಚುಗೀಸ್ ಪಟ್ಟಣ. ಇಂಗ್ಲಿಷರು ಮದರಾಸಿಗೆ ಕಾಲಿಡೋದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಹುಟ್ಟಿದ್ದು. ಪ್ರತಿ ವರ್ಷ ಆಗಸ್ಟ್ 22ಕ್ಕೆ ಚೆನ್ನೈನಲ್ಲಿ "ಮದ್ರಾಸ್ ಡೇ" ಆಚರಿಸ್ತಾರೆ, 1639ರಿಂದ ಲೆಕ್ಕ ಹಾಕಿ. ಆ ಲೆಕ್ಕದಲ್ಲಿ ಯಾರು ಬಿಟ್ಟುಹೋಗ್ತಾರೆ ಅನ್ನೋದು ಇವತ್ತಿನ ವಿಷಯ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನೀವು ಇಂಟರ್‌ನೆಟ್‌ನಲ್ಲಿ ಸಾವೋ ತೋಮೆ ಅಂತ ಹುಡುಕಿದ್ರೆ ಆಫ್ರಿಕಾದ ಒಂದು ದ್ವೀಪ ಸಿಗುತ್ತೆ. ಅದೂ ಪೋರ್ಚುಗೀಸ್ ವಸಾಹತೇ, 1975ರಲ್ಲಿ ಸ್ವತಂತ್ರ ಆಯ್ತು. ಅದು ಬೇರೆ, ಇದು ಬೇರೆ. ಸಂತನ ಹೆಸರು ಮಾತ್ರ ಒಂದೇ.

ಬಂದರಿಲ್ಲದ ಕಡಲು

ಮೊದಲು ಭೂಗೋಳ. ಪಶ್ಚಿಮ ಕರಾವಳಿಯಲ್ಲಿ ನದಿಗಳು ಕಡಲು ಸೇರೋ ಕಡೆ ಅಳಿವೆ ಇರುತ್ತೆ, ಹಡಗು ಒಳಗೆ ಬಂದು ನಿಲ್ಲಬಹುದು. ಹೊನ್ನಾವರ, ಬಸರೂರು, ಮಂಗಳೂರು ಎಲ್ಲ ಹಾಗೆಯೇ. ಚೋಳಮಂಡಲ ಕರಾವಳಿ ಹಾಗಲ್ಲ. ಪೋರ್ಚುಗೀಸರ ಬಾಯಲ್ಲಿ ಅದು ಕೋರಮಂಡಲ ಆಯ್ತು. ಉದ್ದಕ್ಕೂ ಮರಳು, ನೇರವಾದ ದಡ, ಅಡ್ಡ ಇಲ್ಲದ ಅಲೆ. ಸಾಂತೋಮಿನ ದಕ್ಷಿಣಕ್ಕೆ ಅಡ್ಯಾರ್ ನದಿ ಕಡಲು ಸೇರುತ್ತೆ, ಆದ್ರೆ ಅದರ ಬಾಯಲ್ಲಿ ಮರಳು ಕಟ್ಟಿಕೊಳ್ಳುತ್ತೆ. ದೊಡ್ಡ ಹಡಗು ದಡದಿಂದ ದೂರವೇ ಲಂಗರು ಹಾಕಬೇಕು.

ಹಾಗಾದ್ರೆ ಸರಕು, ಜನ ದಡಕ್ಕೆ ಹೇಗೆ ಬರ್ತಿದ್ರು? ಸ್ಥಳೀಯ ಮೀನುಗಾರರ ದೋಣಿಯಲ್ಲಿ. ಮಸೂಲಾ ದೋಣಿ ಅಂತ ಹೆಸರು. ಮೊಳೆ ಇಲ್ಲ, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಿಂದ ಹೊಲಿದಿರ್ತಾರೆ. ಮೊಳೆ ಹೊಡೆದ ದೋಣಿ ಆ ಅಲೆಗೆ ಬಡಿದ್ರೆ ಒಡೆಯುತ್ತೆ. ಹೊಲಿದ ದೋಣಿ ಸ್ವಲ್ಪ ಬಾಗುತ್ತೆ, ಆಮೇಲೆ ಸರಿಹೋಗುತ್ತೆ. 1560ರ ದಶಕದಲ್ಲಿ ಇಲ್ಲಿಗೆ ಬಂದ ವೆನಿಸ್‌ನ ವ್ಯಾಪಾರಿ ಚೆಸಾರೆ ಫೆದೆರಿಚಿ ಈ ದೋಣಿಗಳನ್ನ ನೋಡಿ ಬೆರಗಾಗಿ ಬರೆದಿದ್ದಾನೆ. ಅಂದ್ರೆ ನೋಡಿ, ಜಗತ್ತನ್ನೇ ಸುತ್ತಿದ ಪೋರ್ಚುಗೀಸ್ ಹಡಗು, ಕೊನೆಯ ಒಂದು ಫರ್ಲಾಂಗಿಗೆ ಮೈಲಾಪುರದ ಬೆಸ್ತರನ್ನ ನಂಬಬೇಕಿತ್ತು. ಈ ಪರಿಸ್ಥಿತಿ ಇಂಗ್ಲಿಷರ ಕಾಲದಲ್ಲೂ ಬದಲಾಗ್ಲಿಲ್ಲ. ಮದರಾಸಿನಲ್ಲಿ ಕೃತಕ ಬಂದರಿನ ಕೆಲಸ ಶುರುವಾಗಿದ್ದೇ 1870ರ ದಶಕದಲ್ಲಿ.

ಇದರ ಮೇಲೆ ಹವಾಮಾನ. ನಮಗೆ ಜೂನ್ ತಿಂಗಳಲ್ಲಿ ಮಳೆಗಾಲ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್. ಆಗ ಚಂಡಮಾರುತದ ಭಯ, ಹಡಗುಗಳು ದಡ ಬಿಟ್ಟು ಹೋಗಬೇಕು. ಗೋವಾದಿಂದ ಇಲ್ಲಿಗೆ ಬರಬೇಕಂದ್ರೆ ದೊಡ್ಡ ಹಡಗು ಇಡೀ ಶ್ರೀಲಂಕಾವನ್ನ ಸುತ್ತಬೇಕು, ಯಾಕಂದ್ರೆ ರಾಮಸೇತು ಇರೋ ಕಡೆ ನೀರು ಆಳ ಇಲ್ಲ. ಗಾಳಿ ಎದುರಾದ್ರೆ ತಿಂಗಳುಗಟ್ಟಲೆ ಕಾಯಬೇಕು. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ: ಗೋವಾ ದೂರ. ಸಾಂತೋಮಿನ ಕಥೆಯಲ್ಲಿ ಅರ್ಧ ಇದರಲ್ಲೇ ಇದೆ.

ಸಮಾಧಿ ಹುಡುಕಿಕೊಂಡು ಬಂದವರು

ಇಷ್ಟು ಕಷ್ಟದ ದಡಕ್ಕೆ ಯಾಕೆ ಬಂದ್ರು? ಎರಡು ಕಾರಣ: ಒಂದು ಭಕ್ತಿ, ಇನ್ನೊಂದು ಬಟ್ಟೆ.

ಯೇಸುವಿನ ಹನ್ನೆರಡು ಶಿಷ್ಯರಲ್ಲಿ ಒಬ್ಬನಾದ ತೋಮ ಭಾರತಕ್ಕೆ ಬಂದು ಮೈಲಾಪುರದ ಹತ್ತಿರ ಪ್ರಾಣ ಬಿಟ್ಟ ಅನ್ನೋದು ಕ್ರೈಸ್ತರ ಹಳೆಯ ನಂಬಿಕೆ. 13ನೇ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೋ ಕೂಡ ಈ ಸಮಾಧಿಯ ವಿಷಯ ಹೇಳ್ತಾನೆ. ಕ್ರೈಸ್ತರೂ ಮುಸ್ಲಿಮರೂ ಇಬ್ಬರೂ ಅಲ್ಲಿಗೆ ಯಾತ್ರೆ ಬರ್ತಿದ್ರು ಅಂತ ಬರೆದಿದ್ದಾನೆ. ಕಣ್ಣೂರಿನಲ್ಲಿ ಗುಮಾಸ್ತನಾಗಿದ್ದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸ 1516ರ ಸುಮಾರಿಗೆ ಮೈಲಾಪುರದ ಬಗ್ಗೆ ಬರೀವಾಗ, ಊರು ಬಹುಪಾಲು ಪಾಳು ಬಿದ್ದಿದೆ, ಸಮಾಧಿಯ ದೀಪ ಆರದ ಹಾಗೆ ಒಬ್ಬ ಬಡ ಮುಸ್ಲಿಮ್ ಭಿಕ್ಷೆ ಎತ್ತಿ ನೋಡಿಕೊಳ್ತಾನೆ ಅಂತ ಹೇಳ್ತಾನೆ.

1517ರಲ್ಲಿ ಮಲಕ್ಕಾದಿಂದ ವಾಪಸ್ ಬರ್ತಿದ್ದ ಇಬ್ಬರು ಪೋರ್ಚುಗೀಸರಿಗೆ ಆ ಜಾಗ ತೋರಿಸಿದ್ದು ಅರ್ಮೇನಿಯನ್ ವ್ಯಾಪಾರಿಗಳು. 1523ರಲ್ಲಿ ಗೋವಾದ ಅಪ್ಪಣೆಯಂತೆ ಅಗೆದು ಸಮಾಧಿಯನ್ನ ಸರಿಪಡಿಸಿದ್ರು. ಅದರ ಸುತ್ತ ಮನೆಗಳು ಎದ್ದವು. ಮೈಲಾಪುರದ ಲಸ್ ಚರ್ಚಿನ ಶಾಸನದಲ್ಲಿ 1516 ಅಂತ ಇಸವಿ ಇದೆ. ಕಟ್ಟಡ ಅಷ್ಟು ಹಳೆಯದಾಗಿರಲಾರದು ಅನ್ನೋ ಇತಿಹಾಸಕಾರರೂ ಇದ್ದಾರೆ. ಲಸ್ ಕಾರ್ನರ್ ಅಂತ ಬಸ್ ಕಂಡಕ್ಟರ್ ಕೂಗ್ತಾನಲ್ಲ, ಆ "ಲಸ್" ಪೋರ್ಚುಗೀಸ್ ಪದ. ಅರ್ಥ, ಬೆಳಕು. 1545ರಲ್ಲಿ ಫ್ರಾನ್ಸಿಸ್ ಕ್ಸೇವಿಯರ್ ಬಂದು ಸುಮಾರು ನಾಲ್ಕು ತಿಂಗಳು ಇಲ್ಲೇ ಇದ್ದ. ಆಮೇಲೆ ಹೊರಟಿದ್ದು ಎಲ್ಲಿಗೆ? ಮಲಕ್ಕಾಕ್ಕೆ. ಸಾಂತೋಮಿನ ಹಡಗುಗಳು ಹೋಗ್ತಿದ್ದ ದಾರಿ ಅದೇ.

ಬಟ್ಟೆ ಕೊಟ್ಟು ಲವಂಗ ತಗೊಳ್ಳೋ ವ್ಯಾಪಾರ

ಈಗ ಆರ್ಥಿಕತೆ. ಪೋರ್ಚುಗೀಸರು 1511ರಲ್ಲಿ ಮಲಕ್ಕಾವನ್ನ ಗೆದ್ದಿದ್ರು. ಇವತ್ತಿನ ಮಲೇಷಿಯಾದ ಬಂದರು ಅದು. ಅದರಾಚೆ ಮಲುಕು ದ್ವೀಪಗಳು. ಲವಂಗ, ಜಾಯಿಕಾಯಿ, ಜಾಪತ್ರೆ ಬೆಳೀತಿದ್ದದ್ದು ಅಲ್ಲಿ. ಯುರೋಪಿನಿಂದ ತಂದ ಸರಕನ್ನ ಆ ದ್ವೀಪದವರು ಅಷ್ಟಾಗಿ ಕೇಳ್ತಿರ್ಲಿಲ್ಲ. ಅವರಿಗೆ ಬೇಕಾಗಿದ್ದು ಭಾರತದ ಬಟ್ಟೆ. ಅದ್ರಲ್ಲೂ ಕೋರಮಂಡಲದ ಹತ್ತಿ ಬಟ್ಟೆ, ಬಣ್ಣ ಬರೆದ ಚಿತ್ತಾರದ ಬಟ್ಟೆ. ಹಾಗಾಗಿ ಲವಂಗ ಬೇಕು ಅನ್ನೋನು ಮೊದಲು ಕಾಂಚೀಪುರಂ ಸುತ್ತಲಿನ ನೇಕಾರರ ಮನೆ ಬಾಗಿಲಿಗೆ ಬರಬೇಕಿತ್ತು.

ವ್ಯವಸ್ಥೆ ಹೀಗೆ ನಡೀತಿತ್ತು. ವ್ಯಾಪಾರಿ ಮಧ್ಯವರ್ತಿಗೆ ಮುಂಗಡ ಕೊಡ್ತಾನೆ. ಮಧ್ಯವರ್ತಿ ನೇಕಾರನಿಗೆ ಮುಂಗಡ ಕೊಡ್ತಾನೆ. ನೇಕಾರ ನೂಲು ಕೊಂಡು ನೇಯ್ತಾನೆ, ಬಣ್ಣದವನು ಬಣ್ಣ ಹಾಕ್ತಾನೆ. ಗಾಳಿ ತಿರುಗೋ ಹೊತ್ತಿಗೆ ಸರಕು ದಡದಲ್ಲಿರಬೇಕು. ಒಂದು ತಿಂಗಳು ತಡ ಆದ್ರೆ ಒಂದು ವರ್ಷವೇ ಹೋಯ್ತು. ಹಡಗು ಮಲಕ್ಕಾಕ್ಕೆ, ಇನ್ನು ಕೆಲವು ಬರ್ಮಾದ ಪೆಗುವಿಗೆ. ವಾಪಸ್ ಬರುವಾಗ ಮಸಾಲೆ, ತವರ, ಚಿನ್ನ, ಪೆಗುವಿನ ಮಾಣಿಕ್ಯ.

ಮೊದಮೊದಲು ಕೋರಮಂಡಲದಿಂದ ಮಲಕ್ಕಾಕ್ಕೆ ಹೋಗೋ ಹಡಗು ಪೋರ್ಚುಗಲ್ ರಾಜನದ್ದೇ ಆಗಿತ್ತು. ಆಮೇಲೆ ರಾಜ ಆ ಯಾನದ ಹಕ್ಕನ್ನ ತನಗೆ ಸೇವೆ ಮಾಡಿದವರಿಗೆ ಇನಾಮಿನ ಹಾಗೆ ಕೊಡೋಕೆ ಶುರುಮಾಡಿದ. ಈ ವರ್ಷ ಈ ದಾರಿಯ ವ್ಯಾಪಾರ ನಿನ್ನದು, ಅನ್ನೋ ಹಾಗೆ. ಊರಿನವರಿಗೆ ಇದು ಕಿರಿಕಿರಿ. ಹಕ್ಕು ಪಡೆದವನ ಹಡಗಿಗೇ ಸರಕು ತುಂಬಬೇಕು ಅಂದ್ರೆ ಯಾರು ಒಪ್ತಾರೆ? ಅವರು ತಮ್ಮ ಸ್ವಂತ ಹಡಗಿನಲ್ಲಿ ಬೇರೆ ಬೇರೆ ಬಂದರಿಗೆ ಹೋಗ್ತಿದ್ರು.

ಹಡಗಿನಲ್ಲಿ ಬಟ್ಟೆ ಮಾತ್ರ ಇರ್ತಿತ್ತು ಅಂದುಕೊಳ್ಳಬೇಡಿ. ಬರ ಬಂದ ವರ್ಷಗಳಲ್ಲಿ ಹೊಟ್ಟೆಗಿಲ್ಲದ ಜನ ತಮ್ಮನ್ನ, ತಮ್ಮ ಮಕ್ಕಳನ್ನ ಮಾರಿಕೊಳ್ತಿದ್ರು. ಅವರನ್ನ ಗುಲಾಮರಾಗಿ ಕಡಲಾಚೆ ಸಾಗಿಸೋ ವ್ಯಾಪಾರ ಈ ಕರಾವಳಿಯಲ್ಲಿ ಪೋರ್ಚುಗೀಸರೂ ಮಾಡಿದ್ರು, ಅವರ ಹಿಂದೆ ಬಂದ ಡಚ್ಚರೂ ಮಾಡಿದ್ರು. ಸಂತನ ಹೆಸರಿನ ಊರು ಅಂತ ಇದನ್ನ ಮರೆಸೋಕೆ ಆಗಲ್ಲ.

ಗೋವಾದ ಮಾತು ಇಲ್ಲಿ ಎಷ್ಟು ನಡೀತಿತ್ತು?

ಪೋರ್ಚುಗೀಸರ ಪೂರ್ವದ ಆಡಳಿತಕ್ಕೆ "ಎಸ್ತಾದೊ ದ ಇಂದಿಯಾ" ಅಂತ ಹೆಸರು. ಅಂದ್ರೆ ಭಾರತ ರಾಜ್ಯ. 1505ರಲ್ಲಿ ಮೊದಲ ವೈಸರಾಯ್ ಬಂದ. 1530ರಿಂದ ಗೋವಾ ರಾಜಧಾನಿ. ಹೆಸರಿಗೆ ಭಾರತ ಅಂತಿದ್ರೂ ಆಫ್ರಿಕಾದ ಪೂರ್ವ ದಡದಿಂದ ಚೀನಾದ ಮಕಾವ್ ತನಕ ಇದರ ವ್ಯಾಪ್ತಿ. ಸಾಮಾನ್ಯವಾಗಿ ಈ ರಾಜ್ಯ ಅಂದ್ರೆ ಒಂದು ಕೋಟೆ, ಒಬ್ಬ ಕ್ಯಾಪ್ಟನ್, ಒಂದು ಸುಂಕದ ಕಟ್ಟೆ. ಇಂಥ ಚುಕ್ಕಿಗಳ ಸಾಲು.

ನಮ್ಮ ಕರಾವಳಿಯಲ್ಲಿ ಇದೇ ಮಾದರಿ. 1568-69ರಲ್ಲಿ ಅವರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆ ಹಿಡಿದು ಕೂತ್ರು. ಗೋವಾದ ಊಟಕ್ಕೆ ಬಸರೂರಿನ ಅಕ್ಕಿ ಬೇಕಿತ್ತು. ಕಡಲಲ್ಲಿ ಹೋಗೋ ನಮ್ಮ ಹಡಗುಗಳು ಅವರಿಂದ ಪರವಾನಗಿ ಚೀಟಿ ತಗೊಳ್ಳಬೇಕಿತ್ತು. ಕರಾವಳಿಯ ಪೋರ್ಚುಗೀಸ್ ಅಂದ್ರೆ ಸರ್ಕಾರ, ಸೈನಿಕ, ಸುಂಕ.

ಸಾಂತೋಮ್ ಹಾಗಲ್ಲ. ಇಲ್ಲಿಗೆ ಬಂದವರಲ್ಲಿ ಬಹಳ ಜನ ಸೈನ್ಯದ ಕೆಲಸ ಬಿಟ್ಟವರು, ಗೋವಾದ ಅಧಿಕಾರಿಗಳ ಕಣ್ಣಿಂದ ದೂರ ಇರಬೇಕು ಅನ್ನೋರು, ಸ್ವಂತ ವ್ಯಾಪಾರದ ಆಸೆಯವರು. ಇಲ್ಲಿನ ಹೆಂಗಸರನ್ನ ಮದುವೆಯಾಗಿ ಮನೆ ಮಾಡಿದ್ರು. ಹೀಗೆ ಮದುವೆಯಾಗಿ ನೆಲೆ ನಿಂತವರಿಗೆ ಪೋರ್ಚುಗೀಸ್ ಕಾಗದಪತ್ರದಲ್ಲಿ "ಕಸಾದೊ" ಅಂತ ಒಂದು ವರ್ಗವೇ ಇತ್ತು. ಊರಿನ ಜೀವಾಳ ಅವರೇ. 1520ರ ದಶಕದಿಂದ ಕೋರಮಂಡಲಕ್ಕೆ ಅಂತ ಒಬ್ಬ ಕ್ಯಾಪ್ಟನ್ ನೇಮಕ ಆಗ್ತಿದ್ದ ನಿಜ. ಆದ್ರೆ ಅವನ ಕೈಯಲ್ಲಿ ಸೈನ್ಯ ಇಲ್ಲ. ಊರಿನ ಶ್ರೀಮಂತರು ಒಪ್ಪಿದ್ರೆ ಅವನ ಮಾತು ನಡೀತಿತ್ತು, ಇಲ್ಲಾಂದ್ರೆ ಇಲ್ಲ. ಮೈಲಾಪುರದ ಹಳೇ ಊರು ವಿಜಯನಗರದ ಅಧಿಕಾರಿಗಳ ಕೈಯಲ್ಲೇ ಇತ್ತು. ಅಂದ್ರೆ ನೆಲ ವಿಜಯನಗರದ್ದು, ಚರ್ಚು ಪೋರ್ಚುಗಲ್ ರಾಜನ ಪೋಷಣೆಯದ್ದು, ದುಡ್ಡು ವ್ಯಾಪಾರಿಗಳದ್ದು. ಮೂರಕ್ಕೂ ಒಬ್ಬನೇ ಯಜಮಾನ ಇರ್ಲಿಲ್ಲ.

ಅಳಿಯ ರಾಮರಾಯ ಬಂದದ್ದು

ಇಲ್ಲಿ ನಮ್ಮವರ ಪಾತ್ರ ಬರುತ್ತೆ. ವಿಜಯನಗರಕ್ಕೂ ಗೋವಾಕ್ಕೂ ಕುದುರೆ ವ್ಯಾಪಾರದ ನಂಟು ಹಳೆಯದು. 1547ರಲ್ಲಿ ಗೋವಾದ ಗವರ್ನರ್ ಜುವಾವ್ ದೆ ಕಾಸ್ತ್ರೊ ಜೊತೆ ವಿಜಯನಗರ ಒಂದು ಒಪ್ಪಂದವನ್ನೂ ಮಾಡಿಕೊಳ್ತು. ಆಗ ರಾಜ್ಯ ನಡೆಸ್ತಿದ್ದದ್ದು ಅಳಿಯ ರಾಮರಾಯ. ಅದೇ ರಾಮರಾಯ ಸುಮಾರು ಹತ್ತು ವರ್ಷ ಆದ ಮೇಲೆ, 1558-59ರ ಹೊತ್ತಿಗೆ, ಸಾಂತೋಮಿನ ಮೇಲೆ ದಂಡೆತ್ತಿ ಹೋದ.

ಯಾಕೆ? ಪರಂಗಿಗಳು ಈ ಕರಾವಳಿಯಲ್ಲಿ ದೇವಸ್ಥಾನಗಳನ್ನ ಹಾಳುಮಾಡ್ತಿದ್ದಾರೆ ಅನ್ನೋ ದೂರು ಅವನ ತನಕ ಹೋಗಿತ್ತು. ಊರಿನಲ್ಲಿ ದುಡ್ಡಿದೆ ಅನ್ನೋ ಸುದ್ದಿಯೂ ಹೋಗಿತ್ತು. ಮೈಲಾಪುರದ ಕಪಾಲೀಶ್ವರ ದೇವಸ್ಥಾನ ಮೊದಲು ಕಡಲ ದಡದಲ್ಲೇ ಇತ್ತು, ಪೋರ್ಚುಗೀಸರ ಕಾಲದಲ್ಲಿ ನಾಶವಾಯ್ತು, ಈಗಿರೋದು ಆಮೇಲೆ ಒಳಗಡೆ ಕಟ್ಟಿದ್ದು ಅನ್ನೋದು ಇವತ್ತೂ ಮೈಲಾಪುರದವರು ಹೇಳೋ ಮಾತು. ಸಾಂತೋಮ್ ಚರ್ಚಿನ ಆವರಣದಲ್ಲಿ ಹಳೆಯ ದೇವಸ್ಥಾನದ ಶಾಸನದ ತುಂಡುಗಳು ಸಿಕ್ಕಿವೆ.

ಕೋಟೆ ಇಲ್ಲದ ಊರು. ಹೊರಗೆ ವಿಜಯನಗರದ ದಂಡು. ಊರಿನವರು ಕಾದಾಡೋದು ಬೇಡ, ಶರಣಾಗೋಣ ಅಂತ ತೀರ್ಮಾನ ಮಾಡಿದ್ರು. ಪೋರ್ಚುಗೀಸರ ಕಡೆಯ ಬರಹಗಳ ಪ್ರಕಾರ ರಾಮರಾಯ ಕೇಳಿದ ದಂಡ ಒಂದು ಲಕ್ಷ ಪಗೋಡ. ಅವರು ಪಗೋಡ ಅಂತಿದ್ದದ್ದು ನಮ್ಮ ವರಾಹವನ್ನೇ. ಅರ್ಧ ಕೈಯಲ್ಲಿ, ಉಳಿದರ್ಧಕ್ಕೆ ಊರಿನ ಕೆಲವು ಪ್ರಮುಖರನ್ನ ಒತ್ತೆ ಇಟ್ಟುಕೊಂಡು ಹೋದ. ಊರನ್ನ ಸುಡ್ಲಿಲ್ಲ, ಜನರನ್ನ ಓಡಿಸ್ಲಿಲ್ಲ. ಈ ನೆಲದ ಒಡೆಯ ಯಾರು ಅನ್ನೋದನ್ನ ನೆನಪಿಸಿ ವಾಪಸ್ ಹೋದ. ವ್ಯಾಪಾರದ ಊರು ಉಳಿದ್ರೆ ತನಗೂ ಲಾಭ ಅಂತ ಅವನಿಗೆ ಗೊತ್ತಿತ್ತು ಅನ್ನಿಸುತ್ತೆ.

1565ರಲ್ಲಿ ತಾಳಿಕೋಟೆ ಯುದ್ಧ, ಅಂದ್ರೆ ರಕ್ಕಸತಂಗಡಿ. ರಾಮರಾಯ ಸತ್ತ. ರಾಜಧಾನಿ ಹಂಪಿಯಿಂದ ಪೆನುಕೊಂಡಕ್ಕೆ, ಅಲ್ಲಿಂದ ಚಂದ್ರಗಿರಿ, ವೆಲ್ಲೂರಿಗೆ ಸರೀತು. ಸಾಂತೋಮ್ ಮಾತ್ರ ಆಗಲೂ ಬೆಳೀತಾನೇ ಇತ್ತು. 1606ರಲ್ಲಿ ಇಲ್ಲಿಗೆ ಒಬ್ಬ ಬಿಷಪ್ ನೇಮಕ ಆದ. ಅವನ ಅಧಿಕಾರದ ವ್ಯಾಪ್ತಿ ಕೋರಮಂಡಲದಿಂದ ಬಂಗಾಳ, ಪೆಗು ತನಕ. 1635ರಲ್ಲಿ ಆಂತೋನಿಯೊ ಬೊಕಾರೊ ಗೋವಾ ಸರ್ಕಾರಕ್ಕಾಗಿ ಕೋಟೆ ಪಟ್ಟಣಗಳ ದೊಡ್ಡ ಪುಸ್ತಕ ಬರೆದಾಗ ಸಾಂತೋಮ್ ಗೋಡೆ ಸುತ್ತಿದ ಪಟ್ಟಣವಾಗಿತ್ತು.

ಮೂರು ಕಂಬಗಳು ಬಿದ್ದವು

ಹಾಗಾದ್ರೆ ಊರು ಯಾಕೆ ಬಿತ್ತು? ಅದನ್ನ ಹೊತ್ತಿದ್ದ ಮೂರು ಕಂಬಗಳು ಒಂದಾದ ಮೇಲೊಂದು ಹೋದವು.

ಮೊದಲನೆಯದು, ಈ ಕಡಲಲ್ಲಿ ಎದುರಾಳಿ ಇಲ್ಲ ಅನ್ನೋ ನೆಮ್ಮದಿ. ಚೆನ್ನೈನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಪುಲಿಕಾಟ್ ಇದೆ, ತಮಿಳಿನಲ್ಲಿ ಪಳವೇರ್ಕಾಡು. ಅಲ್ಲಿ ವ್ಯಾಪಾರಕ್ಕೆ ಡಚ್ಚರು ಬಂದ್ರು. ವಿಜಯನಗರದ ವೆಂಕಟಪತಿರಾಯ ಅವರಿಗೆ 1610ರಲ್ಲಿ ಅನುಮತಿ ಕೊಟ್ಟ. 1612ರಲ್ಲಿ ಸಾಂತೋಮಿನ ಪೋರ್ಚುಗೀಸರು ಹೋಗಿ ಡಚ್ಚರ ಕೋಠಿಯನ್ನ ನಾಶಮಾಡಿ ಬಂದ್ರು. ಡಚ್ಚರು ಓಡಿಹೋಗ್ಲಿಲ್ಲ, ಅಲ್ಲೇ ಗೆಲ್ಡ್ರಿಯಾ ಅನ್ನೋ ಕೋಟೆ ಕಟ್ಟಿದ್ರು. ಅಲ್ಲಿಂದಾಚೆ ಸಾಂತೋಮಿನ ಹಡಗಿಗೆ ನೆಮ್ಮದಿ ಇಲ್ಲ.

ಎರಡನೆಯದು, ಮಲಕ್ಕಾ. 1641ರ ಜನವರಿಯಲ್ಲಿ ಡಚ್ಚರು ಅದನ್ನ ಗೆದ್ದುಕೊಂಡ್ರು. ಬಟ್ಟೆ ಕೊಡೋ ಊರು ಕೈಯಲ್ಲಿದೆ, ತಗೊಳ್ಳೋ ಊರು ಹೋಯ್ತು.

ಮೂರನೆಯದು, ವಿಜಯನಗರ. 1640ರ ದಶಕದಲ್ಲಿ ಗೋಲ್ಕೊಂಡದ ಸೈನ್ಯ ಮೀರ್ ಜುಮ್ಲಾನ ಕೈಕೆಳಗೆ ಈ ಪ್ರದೇಶವನ್ನೆಲ್ಲ ಹಿಡೀತು. ನೆಲಕ್ಕೆ ಹೊಸ ಒಡೆಯ ಬಂದ. 1662ರಲ್ಲಿ ಸಾಂತೋಮ್ ಗೋಲ್ಕೊಂಡದ ಕೈಸೇರ್ತು.

ಈಗ ನಮ್ಮ ಕರಾವಳಿಯನ್ನ ಪಕ್ಕದಲ್ಲಿಟ್ಟು ನೋಡಿ. ಮಂಗಳೂರು, ಬಸರೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳನ್ನ ಕೆಳದಿಯ ಶಿವಪ್ಪನಾಯಕ ಕಿತ್ತುಕೊಂಡಿದ್ದು 1650ರ ದಶಕದ ಮೊದಲ ವರ್ಷಗಳಲ್ಲಿ. ಸೈನಿಕರು ತುಂಬಿದ್ದ ಕೋಟೆಗಳು ಅವು. ಸಾಂತೋಮ್ ವ್ಯಾಪಾರಿಗಳ ಊರು. ಎರಡೂ ಹತ್ತೇ ವರ್ಷದ ಅಂತರದಲ್ಲಿ ಹೋದವು. ಅಂದ್ರೆ ಕೋಟೆ ಇತ್ತೋ ಇಲ್ಲವೋ ಅನ್ನೋದಕ್ಕಿಂತ, ಒಳನಾಡಿನಲ್ಲಿ ಬಲವಾದ ರಾಜ್ಯ ಎದ್ದಾಗ ದಡದಲ್ಲಿ ಕೂತವನಿಗೆ ನೆಲೆ ಇರಲ್ಲ ಅನ್ನೋದು ದೊಡ್ಡ ಮಾತು.

ಆಮೇಲಿನದ್ದು ಬೇಗ ಹೇಳ್ತೀನಿ. 1672ರಲ್ಲಿ ಫ್ರೆಂಚರು ಊರನ್ನ ಹಿಡಿದ್ರು. ಡಚ್ಚರೂ ಗೋಲ್ಕೊಂಡದವರೂ ಸೇರಿ ಮುತ್ತಿಗೆ ಹಾಕಿ 1674ರಲ್ಲಿ ಅವರನ್ನ ಹೊರಹಾಕಿದ್ರು. ಆಮೇಲೆ ಕೋಟೆ ಗೋಡೆಗಳನ್ನ ಕೆಡವಿದ್ರು. 1687ರಲ್ಲಿ ಗೋಲ್ಕೊಂಡವೇ ಮೊಘಲರ ಪಾಲಾಯ್ತು. 1749ರಲ್ಲಿ ಇಂಗ್ಲಿಷರು ಸಾಂತೋಮನ್ನ ತಮ್ಮದು ಮಾಡಿಕೊಂಡ್ರು.

ಮದರಾಸು ಎಲ್ಲಿಂದ ಬಂತು?

ಈಗ 1639ಕ್ಕೆ ವಾಪಸ್ ಹೋಗೋಣ. 1635ರಲ್ಲಿ ಗೋವಾದ ವೈಸರಾಯ್‌ಗೂ ಇಂಗ್ಲಿಷ್ ಕಂಪನಿಗೂ ಕದನವಿರಾಮ ಆಗಿತ್ತು. ಹಾಗಾಗಿ ಇಂಗ್ಲಿಷರು ಪೋರ್ಚುಗೀಸರ ಪಕ್ಕದಲ್ಲಿ ಜಾಗ ಹುಡುಕೋಕೆ ಹೆದರಬೇಕಾಗಿರ್ಲಿಲ್ಲ. ಕಂಪನಿಯ ಫ್ರಾನ್ಸಿಸ್ ಡೇ, ಸಾಂತೋಮಿನಿಂದ ಸುಮಾರು ಐದು ಕಿಲೋಮೀಟರ್ ಉತ್ತರಕ್ಕೆ ಮದ್ರಾಸಪಟ್ಟಣಂ ಅನ್ನೋ ಹಳ್ಳಿಯ ಹತ್ತಿರ ಜಾಗ ಪಡೆದ. ಕೊಟ್ಟವನು ವಿಜಯನಗರದ ಅಧೀನದಲ್ಲಿದ್ದ ದಾಮರ್ಲ ವೆಂಕಟಾದ್ರಿ ನಾಯಕ. ಅವನ ತಂದೆ ಚೆನ್ನಪ್ಪ ನಾಯಕನ ಹೆಸರಿನಿಂದ ಚೆನ್ನಪಟ್ಟಣ ಅನ್ನೋ ಹೆಸರು ಬಂತು ಅಂತಾರೆ. ನಮ್ಮ ಗೊಂಬೆಗಳ ಚನ್ನಪಟ್ಟಣಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮರಳು ದಂಡೆ, ಬಂದರಿಲ್ಲ, ಆ ಜಾಗ ಯಾಕೆ? ಡೇಗೆ ಸಾಂತೋಮಿನಲ್ಲಿ ಒಬ್ಬ ಪ್ರೇಯಸಿ ಇದ್ದಳು, ಅವಳ ಹತ್ತಿರ ಇರೋಕೆ ಈ ಜಾಗ ಆರಿಸಿದ ಅನ್ನೋ ಗುಸುಗುಸು 18ನೇ ಶತಮಾನದ ಪುಸ್ತಕದಲ್ಲೇ ಇದೆ. ಕೇಳೋಕೆ ಚೆನ್ನಾಗಿದೆ. ಡೇ ತಾನೇ ಕೊಟ್ಟ ಕಾರಣ ಬೇರೆ: ಇಲ್ಲಿ ಒಳ್ಳೆಯ ಬಟ್ಟೆ ಬೇರೆ ಕಡೆಗಿಂತ ನೂರಕ್ಕೆ 20ರಷ್ಟು ಅಗ್ಗ. ಆ ಬಟ್ಟೆಯ ನೇಕಾರರು, ಮಧ್ಯವರ್ತಿಗಳು, ದುಬಾಷಿಗಳು, ದೋಣಿಯವರು, ಈ ಜಾಲವೆಲ್ಲ ಅಲ್ಲಿ ನೂರು ವರ್ಷದಿಂದ ನಡೀತಿತ್ತು. ಸಾಂತೋಮ್ ಇಲ್ಲದಿದ್ರೆ ಮದರಾಸಿಗೆ ಆ ಜಾಗದಲ್ಲಿ ಅರ್ಥವೇ ಇರ್ತಿರ್ಲಿಲ್ಲ.

ಜನರೂ ಅಲ್ಲಿಂದಲೇ ಬಂದ್ರು. ಇಂಗ್ಲಿಷರು ಸಾಂತೋಮಿನ ಪೋರ್ಚುಗೀಸ್ ಕುಟುಂಬಗಳನ್ನ ಕರೆದು ಕೋಟೆಯ ಹತ್ತಿರ ಮನೆ ಕಟ್ಟಿಕೊಳ್ಳೋಕೆ ಬಿಟ್ರು. 1662ರ ನಂತರ ಇನ್ನೂ ಹೆಚ್ಚು ಜನ ಬಂದ್ರು. ಈ ವಲಸೆ ಸಾಂತೋಮಿಗೆ ಎಷ್ಟು ನೋವಿನದ್ದು ಅನ್ನೋಕೆ ಒಂದು ಘಟನೆ ಸಾಕು. 1642ರಲ್ಲಿ ಎಫ್ರೆಮ್ ದ ನೆವೆರ್ ಅನ್ನೋ ಫ್ರೆಂಚ್ ಪಾದ್ರಿ ಮದರಾಸಿನಲ್ಲಿ ಕ್ಯಾಥೊಲಿಕರಿಗಾಗಿ ಚರ್ಚು ಶುರು ಮಾಡಿದ. ಸಾಂತೋಮಿನ ಧರ್ಮಾಧಿಕಾರಿಗಳಿಗೆ ಇದು ಸಹಿಸ್ಲಿಲ್ಲ, ಯಾಕಂದ್ರೆ ಇಲ್ಲಿನ ಕ್ರೈಸ್ತರ ಮೇಲೆ ಅಧಿಕಾರ ತಮ್ಮದು ಅಂತ ಅವರ ವಾದ. 1649ರಲ್ಲಿ ಅವನು ಸಾಂತೋಮಿಗೆ ಹೋದಾಗ ಹಿಡಿದು ಗೋವಾದ ಇಂಕ್ವಿಸಿಷನ್ ಸೆರೆಮನೆಗೆ ಕಳಿಸಿದ್ರು. ಇಂಗ್ಲಿಷರು, ಗೋಲ್ಕೊಂಡದವರು ಎಲ್ಲ ಒತ್ತಡ ಹಾಕಿ ಅವನು ಹೊರಬರೋಕೆ ಸುಮಾರು ಎರಡು ವರ್ಷ ಹಿಡೀತು. ವಾಪಸ್ ಬಂದವನು ಮತ್ತೆ ಮದರಾಸಿನಲ್ಲೇ ಕೆಲಸ ಮುಂದುವರಿಸಿದ.

ಭಾಷೆಯೂ ದಾಟಿ ಬಂತು. ಇಂಗ್ಲಿಷ್ ಮದರಾಸಿನ ಬೀದಿಯಲ್ಲಿ ಯುರೋಪಿನವರೂ ಇಲ್ಲಿನವರೂ ಮಾತಾಡ್ತಿದ್ದದ್ದು ಒಂದು ಬಗೆಯ ಪೋರ್ಚುಗೀಸ್. 1698ರಲ್ಲಿ ಕಂಪನಿಗೆ ಸಿಕ್ಕ ಸನ್ನದಿನಲ್ಲಿ, ಭಾರತಕ್ಕೆ ಬರೋ ಇಂಗ್ಲಿಷ್ ಪಾದ್ರಿಗಳು ಒಂದು ವರ್ಷದೊಳಗೆ ಪೋರ್ಚುಗೀಸ್ ಕಲೀಬೇಕು ಅಂತ ನಿಯಮವೇ ಇತ್ತು. 1688ರಲ್ಲಿ ಮದರಾಸು ಕಾರ್ಪೊರೇಷನ್ ಶುರುವಾದಾಗ ಅದರ ಸದಸ್ಯರಲ್ಲಿ ಪೋರ್ಚುಗೀಸರೂ ಇದ್ರು.

ತಮಿಳಿನ ಜನ್ನಲ್, ಸಾವಿ, ಮೇಸೈ ಎಲ್ಲ ಪೋರ್ಚುಗೀಸ್ ಮೂಲದವು. ಕನ್ನಡದಲ್ಲಿ ಮೇಜು, ಚಾವಿ, ಅಲಮಾರಿ, ಪಾದ್ರಿ, ಕರಾವಳಿಯ ಇಗರ್ಜಿ, ಉತ್ತರ ಕರ್ನಾಟಕದ ಬಟಾಟೆ. ಇವು ಬೇರೆ ಬೇರೆ ದಾರಿಯಲ್ಲಿ ಬಂದಿರಬಹುದು, ಆದ್ರೆ ಹೊರಟದ್ದು ಒಂದೇ ಹಡಗಿನಿಂದ.

1952ರ ತನಕ ನಡೆದ ಕಾಗದ

ಇಲ್ಲಿಗೆ ಕಥೆ ಮುಗೀತು ಅಂದುಕೊಂಡ್ರೆ ಮುಗೀಲಿಲ್ಲ. ಪೂರ್ವದ ದೇಶಗಳಲ್ಲಿ ಬಿಷಪ್‌ಗಳನ್ನ ಸೂಚಿಸೋ ಹಕ್ಕನ್ನ ಪೋಪ್ ಹಿಂದೆ ಪೋರ್ಚುಗಲ್ ರಾಜನಿಗೆ ಕೊಟ್ಟಿದ್ದ. ಇದಕ್ಕೆ ಪದ್ರೊವಾದೊ ಅಂತ ಹೆಸರು. ಸಾಂತೋಮ್ ಗೋಲ್ಕೊಂಡಕ್ಕೆ ಹೋಯ್ತು, ಮೊಘಲರಿಗೆ ಹೋಯ್ತು, ಇಂಗ್ಲಿಷರಿಗೆ ಹೋಯ್ತು. ಆದ್ರೆ ಮೈಲಾಪುರದ ಬಿಷಪ್ ಹುದ್ದೆ ಪೋರ್ಚುಗಲ್‌ನ ಹಕ್ಕಿನಲ್ಲೇ ಉಳೀತು. ಒಂದೇ ನಗರದಲ್ಲಿ ಎರಡು ವ್ಯವಸ್ಥೆ: ಮದರಾಸಿನ ಬಿಷಪ್ ನೇರ ರೋಮಿನ ಅಡಿಯಲ್ಲಿ, ಮೈಲಾಪುರದ ಬಿಷಪ್ ಪೋರ್ಚುಗೀಸ್ ಪೋಷಣೆಯಲ್ಲಿ. ಯಾವ ಚರ್ಚು ಯಾರದ್ದು ಅನ್ನೋ ಜಗಳ ಎಷ್ಟೋ ದಶಕ ನಡೀತು. ಮಂಗಳೂರು ಕಡೆಯ ಹಿರಿಯರಿಗೆ ಇದು ಹೊಸದಲ್ಲ, 19ನೇ ಶತಮಾನದಲ್ಲಿ ಕೆನರಾದಲ್ಲೂ ಗೋವಾ ಪಕ್ಷ, ರೋಮ್ ಪಕ್ಷ ಅಂತ ಇದೇ ಜಗಳ ಇತ್ತು.

ಇವತ್ತು ಸಾಂತೋಮಿನಲ್ಲಿ ಕಾಣೋ ಬಿಳಿಯ ದೊಡ್ಡ ಚರ್ಚು 1896ರಲ್ಲಿ ಮುಗಿದದ್ದು. ಆಗಿನ ಬಿಷಪ್ ಎನ್ರಿಕ್ ಜೋಸೆ ರೀಡ್ ದ ಸಿಲ್ವ, ಪೋರ್ಚುಗೀಸರವನು. ಬ್ರಿಟಿಷ್ ಚಕ್ರಾಧಿಪತ್ಯದ ಮಧ್ಯೆ, ಮದರಾಸು ನಗರದೊಳಗೆ, ಲಿಸ್ಬನ್ ಹೆಸರಿಸಿದ ಬಿಷಪ್. ಭಾರತ ಸ್ವತಂತ್ರ ಆದ ಮೇಲೆ 1950ರಲ್ಲಿ ಪೋರ್ಚುಗಲ್ ಈ ಹಕ್ಕನ್ನ ಬಿಟ್ಟುಕೊಡ್ತು. 1952ರಲ್ಲಿ ಎರಡೂ ಸೇರಿ ಮದ್ರಾಸ್-ಮೈಲಾಪುರ ಆರ್ಚ್‌ಡಯೋಸಿಸ್ ಆಯ್ತು. 1662ರಲ್ಲಿ ನೆಲ ಹೋಯ್ತು, ಕಾಗದದ ಮೇಲಿನ ಅಧಿಕಾರ ಹೋಗೋಕೆ ಇನ್ನೂ ಸುಮಾರು 290 ವರ್ಷ ಬೇಕಾಯ್ತು. ಆಗ ದಕ್ಷಿಣ ಕನ್ನಡವೂ ಇನ್ನೂ ಮದರಾಸು ರಾಜ್ಯದಲ್ಲೇ ಇತ್ತು, ನೆನಪಿರಲಿ.

ಹಾಗಾದ್ರೆ ಚೆನ್ನೈ ಹುಟ್ಟಿದ್ದು ಯಾವಾಗ?

1639 ಅನ್ನೋದು ಸುಳ್ಳಲ್ಲ. ಒಂದು ಕಂಪನಿಗೆ ಒಂದು ಜಾಗ ಸಿಕ್ಕ ವರ್ಷ ಅದು. ಆದ್ರೆ ಊರು ಅನ್ನೋದು ಜಾಗದ ಪಟ್ಟೆ ಮಾತ್ರ ಅಲ್ಲ. ಬಟ್ಟೆ ನೇಯೋ ಕೈ, ಅಲೆ ದಾಟಿಸೋ ದೋಣಿ, ಎರಡು ಕಡೆಯ ಭಾಷೆ ಬಲ್ಲ ಬಾಯಿ, ಸಾಲ ಕೊಡೋ ಮನೆ, ಇವೆಲ್ಲ ಸೇರಿದ್ರೆ ಊರು. ಇವು 1639ಕ್ಕೆ ಹೊಸದಾಗಿ ಬರ್ಲಿಲ್ಲ, ಸಾಂತೋಮಿನಲ್ಲಿ ಆಗಲೇ ಇದ್ದವು. ಸಾಂತೋಮೂ ಅವನ್ನ ಶೂನ್ಯದಿಂದ ಮಾಡ್ಲಿಲ್ಲ. ಮೈಲಾಪುರ ಅದಕ್ಕಿಂತ ಎಷ್ಟೋ ಶತಮಾನ ಹಳೆಯದು. ಇಂಗ್ಲಿಷರಿಂದ ಲೆಕ್ಕ ಹಾಕಿದ್ರೆ ಪೋರ್ಚುಗೀಸರು ಬಿಟ್ಟುಹೋಗ್ತಾರೆ. ಪೋರ್ಚುಗೀಸರಿಂದ ಲೆಕ್ಕ ಹಾಕಿದ್ರೆ ನೇಕಾರರು, ಬೆಸ್ತರು ಬಿಟ್ಟುಹೋಗ್ತಾರೆ.

ಮುಂದೆ ಚೆನ್ನೈಗೆ ಹೋದಾಗ ಅರ್ಧ ದಿನ ಇಟ್ಟುಕೊಳ್ಳಿ. ಕಪಾಲೀಶ್ವರನ ಕೊಳದಿಂದ ಶುರು ಮಾಡಿ, ಲಸ್ ಚರ್ಚು ನೋಡಿ, ಅಲ್ಲಿಂದ ಸಾಂತೋಮ್ ಚರ್ಚಿಗೆ ಬನ್ನಿ. ಚರ್ಚಿನ ಹಿಂದೆ ಹೋದ್ರೆ ಕಡಲು, ಬೆಸ್ತರ ದೋಣಿಗಳು. ಸಮಯ ಇದ್ರೆ ಪರಂಗಿಮಲೈ ಹತ್ತಿ. 1547ರಲ್ಲಿ ಅಡಿಪಾಯ ಅಗೆಯುವಾಗ ಸಿಕ್ಕ, ಪಹ್ಲವಿ ಲಿಪಿಯ ಕಲ್ಲಿನ ಶಿಲುಬೆ ಅಲ್ಲಿದೆ. ಅದು ಪರ್ಷಿಯಾದ ಹಳೆಯ ಲಿಪಿ. ಅಂದ್ರೆ ಪೋರ್ಚುಗೀಸರಿಗಿಂತ ಮೊದಲೂ ಕಡಲಾಚೆಯ ನಂಟಿನ ಜನ ಇಲ್ಲಿದ್ರು.

ಮುಂದಿನ ಮಾತಿನಲ್ಲಿ ಪುಲಿಕಾಟ್‌ಗೆ ಹೋಗೋಣ, ಡಚ್ಚರ ಸರದಿ. ಅಲ್ಲಿಯವರೆಗೆ ನಮಸ್ಕಾರ.